ಇನ್ನೊಂದೇ ಲೇಪ

ನೆಲಮಾಳಿಗೆಯ ಮೆಟ್ಟಿಲೇರಿ ಬಂದ ಥೆಟ್ ನೈಂಗ್‌ನ ಮುಖ ಬಿಳಿಚಿಕೊಂಡಿತ್ತು. ತೋರುಬೆರಳ ತುದಿ ಕಪ್ಪಾಗಿತ್ತು.

"ದೊಡ್ಡಮ್ಮ, ಪಾತ್ರೆ ಇವತ್ತೂ ಅಂಟ್ತಾ ಇದೆ."

ಅಂಗಳದಲ್ಲಿ ಭಿಕ್ಷುಗಳ ಊಟಕ್ಕೆ ಸೊಪ್ಪು ಸೋಸುತ್ತಿದ್ದ ದಾ ಸೇನ್ ಮ್ಯಾ ತಲೆಯೆತ್ತಲಿಲ್ಲ. "ಅಂಟದೆ ಇನ್ನೇನು? ನಿನ್ನ ಅಂಗಡಿ ಮಾಲಿನ ಹಾಗೆ ಬಿಸಿಲಿಗಿಟ್ಟು, ಬರೀ ಮೇಲಿನ ಪದರ ಒಣಗಿಸಿ ಮಾರೋದಾ? ಒಣಗೋದೇ ಬೇರೆ, ಮಾಗೋದೇ ಬೇರೆ ಕಣೋ. ಮಾಗೋಕೆ ಕತ್ತಲೆ ಬೇಕು, ತೇವ ಬೇಕು."

"ಪಾಠ ಬೇಡ ದೊಡ್ಡಮ್ಮ. ದೊಡ್ಡಪ್ಪ ಬಳಿದಿದ್ದು ಮಾಗಿಯಾಗಿತ್ತು. ಅವರು ತೀರಿಕೊಂಡ ದಿನ ನಾನೇ ಉಗುರು ಒತ್ತಿ ನೋಡಿದ್ದೆ, ಗೆರೆ ಬೀಳಲಿಲ್ಲ. ಇದು ಅದರ ಮೇಲಿನ ಹೊಸ ಲೇಪ. ದಿನಾ ಯಾರೋ ಬಳೀತಿದ್ದಾರೆ."

ದಾ ಸೇನ್ ಮ್ಯಾಳ ಗಂಡ ಊ ಬಾ ಞೋ ಬಿದಿರು ಹೆಣೆದು, ಮರದ ಕಪ್ಪು ರಾಳ ಬಳಿದು ಮಾಡಿದ ಕೊನೆಯ ಭಿಕ್ಷಾಪಾತ್ರೆ ಅದು. ವಿಹಾರದ ಹಿರಿಯ ಭಿಕ್ಷುವಿಗೆ ಕೊಡುತ್ತೇನೆಂದು ಮಾತು ಕೊಟ್ಟಿದ್ದ. ಅವನು ತೀರಿಕೊಂಡು ಇವತ್ತಿಗೆ ಏಳನೆಯ ದಿನ. ಸತ್ತವರ ಜೀವ ಅಲ್ಲಿಯವರೆಗೆ ಮನೆಯಲ್ಲೇ ಸುಳಿದಾಡುತ್ತದೆ. ಭಿಕ್ಷುಗಳಿಗೆ ಉಣಬಡಿಸಿ, ಪುಣ್ಯ ಹಂಚಿ ಕಳಿಸಬೇಕು. ಹೋಗಿ ಬಾ ಎನ್ನುವಂತಿಲ್ಲ, ಹೋಗು ಎನ್ನಬೇಕು. ಕೊಟ್ಟ ಮಾತು ತೀರದೆ ಉಳಿದರೆ ಜೀವವೂ ಉಳಿದುಬಿಡುತ್ತದೆ, ಇತ್ತ ಮನೆಗೂ ಇಲ್ಲ, ಅತ್ತ ದಾರಿಗೂ ಇಲ್ಲ.

"ನಿಮಗೆ ಅವರನ್ನ ಕಳಿಸೋ ಮನಸ್ಸಿಲ್ಲ," ಎಂದ ಥೆಟ್ ನೈಂಗ್. "ನೀವೇ ಇಳಿದು ಬಳೀತಿದ್ದೀರಿ."

ದಾ ಸೇನ್ ಮ್ಯಾ ಸೊಪ್ಪು ಬಿಟ್ಟು ಎರಡೂ ಕೈ ಚಾಚಿದಳು. ಆ ಮರದ ರಾಳವನ್ನು ಬರಿಗೈಯಲ್ಲೇ ಬಳಿಯಬೇಕು. ಕಲೆ ನೀರಿಗೂ ಸೋಪಿಗೂ ಜಗ್ಗುವುದಿಲ್ಲ. ಅವಳ ಕೈ ಬೆಳ್ಳಗಿತ್ತು.

"ನಿನ್ನೆಯಿಂದ ನೆಲಮಾಳಿಗೆ ಬೀಗದ ಕೈ ಯಾರ ಹತ್ರ ಇತ್ತಪ್ಪ?"

ಅದು ಅವನದೇ ಸೊಂಟದಲ್ಲಿತ್ತು.

"ಹೋಗೋ ಮನಸ್ಸಿಲ್ಲದ್ದು ಅವರಿಗೆ," ಎಂದಳು. "ಆ ಮನುಷ್ಯಂಗೆ ಕೆಲಸ ಮುಗೀತು ಅಂತ ಯಾವತ್ತು ಅನ್ನಿಸಿತ್ತು? ಇನ್ನೊಂದೇ ಲೇಪ, ಇನ್ನೊಂದೇ ಲೇಪ. ಹೊಸದಾಗಿ ಮದುವೆ ಆದಾಗ ಊಟಕ್ಕೆ ಕರೆಯೋಕೆ ಇಳಿದರೆ, ಕಪ್ಪು ಹೆಬ್ಬೆರಳನ್ನ ನನ್ನ ಮೂಗಿನ ತುದಿಗೆ ಒತ್ತಿ ನಗೋರು. ಊರೆಲ್ಲ ನೋಡಿ ನಕ್ಕಿತ್ತು. ಕೊಡು ಇಲ್ಲಿ ಬೀಗದ ಕೈ."

ಅವಳು ಒಬ್ಬಳೇ ಇಳಿದು ಬಾಗಿಲು ಎಳೆದುಕೊಂಡಳು. ಥೆಟ್ ನೈಂಗ್ ಮೇಲೆಯೇ ನಿಂತ. ಒಳಗಿನಿಂದ ಬೈಗುಳ ಕೇಳಿಸಿತು.

"ಭಿಕ್ಷುಗಳು ಬರೋ ಹೊತ್ತಾಯ್ತು, ಇನ್ನೂ ಅದನ್ನೇ ತೀಡ್ತಾ ಕೂತಿದ್ದೀರಲ್ಲ... ಮಾಗಿದೆ ಅಂದೆನಲ್ಲ. ಚೆನ್ನಾಗಿ ಬಂದಿದೆ... ನಾನು ಇರ್ತೀನಿ ಹೇಗೋ. ನೀವು ಹೊರಡಿ."

ನಡುನಡುವೆ ಅವಳು ಸುಮ್ಮನಾಗುತ್ತಿದ್ದಳು, ಎದುರಿನವರ ಮಾತು ಮುಗಿಯಲೆಂದು ಕಾಯುವವರ ಹಾಗೆ. ಕೊನೆಗೊಮ್ಮೆ ಕಿಸಕ್ಕನೆ ನಕ್ಕಳು. ಸುಡುಬಿಸಿಲಲ್ಲಿ ನಿಂತಿದ್ದರೂ ಥೆಟ್ ನೈಂಗ್‌ಗೆ ಮೈ ಜುಮ್ಮೆಂದಿತು.

ಅವಳು ಪಾತ್ರೆ ಹಿಡಿದು ಮೇಲೆ ಬಂದಳು. ಅವನು ಹೆದರುತ್ತಲೇ ಉಗುರು ಒತ್ತಿದ. ಗೆರೆ ಬೀಳಲಿಲ್ಲ. ಈಗಷ್ಟೇ ಬೆರಳಿಗೆ ಅಂಟಿದ್ದ ಪಾತ್ರೆ ಕಲ್ಲಿನಂತೆ ಗಟ್ಟಿಯಾಗಿತ್ತು. ಬೀದಿಯ ಕೊನೆಯಲ್ಲಿ ಭಿಕ್ಷುಗಳ ಜಾಗಟೆ ಕೇಳಿಸಿತು.

"ದೊಡ್ಡಮ್ಮ, ನಿಮ್ಮ ಮೂಗು..."

ಕೆನ್ನೆಗೆ ಹಚ್ಚಿದ್ದ ಗಂಧ ಹಾಗೆಯೇ ಇತ್ತು. ಮೂಗಿನ ತುದಿಯಲ್ಲಿ ಮಾತ್ರ ಹೆಬ್ಬೆರಳಗಲ ಕಪ್ಪು ಹೊಳೆಯುತ್ತಿತ್ತು. ಒರೆಸಲೆಂದು ಅವನು ಕೈ ಚಾಚಿದ. ದಾ ಸೇನ್ ಮ್ಯಾ ಅವನ ಮಣಿಕಟ್ಟು ಹಿಡಿದಳು.

"ಮುಟ್ಟಬೇಡ ಕಣೋ. ಇನ್ನೂ ಹಸಿ ಇದೆ."