ಖಾಲಿ ಬಿಟ್ಟ ಪೆಟ್ಟು

"ಯಾರು ನನ್ನ ರೆಕಾರ್ಡಿಂಗ್ ಮುಟ್ಟಿದ್ದು?" ತನುಜಾ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಕುಕ್ಕಿದಳು.

"ನಾನೇ ಕಣೇ. ನಿನ್ನ ಬೇಸ್ ಗಿಟಾರ್ ತಾಳ ತಪ್ಪಿತ್ತು, ಸ್ವರಗಳನ್ನ ಎಳೆದು ಪೆಟ್ಟಿಗೆ ಸರಿಯಾಗಿ ಕೂರ್ಸಿದೀನಿ," ಎಂದ ಓಂಕಾರೇಶ್. ಅವಳ ದೊಡ್ಡಪ್ಪನ ಮಗ. ಬೀರೂರಿನ ಆ ಪುಟ್ಟ ಸ್ಟುಡಿಯೋ ಅವನದೇ. ಕಂಪ್ಯೂಟರಿನ ಪರದೆಯಲ್ಲಿ ಅವಳ ಸ್ವರಗಳೆಲ್ಲ ಪರೇಡಿಗೆ ನಿಂತ ಶಾಲೆಮಕ್ಕಳಂತೆ ಗೆರೆಗೆ ಸರಿಯಾಗಿ ನಿಂತಿದ್ದವು. ಅವನ್ನು ಅವಳು ಬ್ರೆಜಿಲ್‌ನ ಸಾಂಬಾ ಧಾಟಿಯಲ್ಲಿ ವಾರವಿಡೀ ಕೂತು ಕಟ್ಟಿದ್ದಳು. ಸ್ವರ ತಾಳದ ಪೆಟ್ಟಿಗಿಂತ ಅರೆಕ್ಷಣ ಮೊದಲೇ ಬರಬೇಕು, ಪೆಟ್ಟಿನ ಜಾಗ ಖಾಲಿ ಉಳಿಯಬೇಕು.

"ತಪ್ಪಿದ್ದಲ್ಲ ಅಣ್ಣ, ಬೇಕಂತ್ಲೇ ಬಿಟ್ಟಿದ್ದು!"

"ಹಂಗೇ ಬಿಟ್ರೆ ಜನ ನಿಂಗೆ ಬಾರ್ಸೋಕೇ ಬರಲ್ಲ ಅಂತಾರೆ."

ಅವಳು ಗೋಡೆಗೆ ಒರಗಿಸಿದ್ದ ಬೇಸ್ ಗಿಟಾರ್ ಎತ್ತಿಕೊಂಡು, ತಂತಿ ಹರಿದುಹೋಗುವ ಹಾಗೆ ತಾನು ಕಟ್ಟಿದ್ದನ್ನೇ ಬಾರಿಸತೊಡಗಿದಳು. ಓಂಕಾರೇಶ್ ರೇಗಿ ಎದ್ದ. "ಎಲ್ಲೇ ಪೆಟ್ಟು? ಇಲ್ಲಿ ಬೀಳ್ಬೇಕು, ಇಲ್ಲಿ!" ವೀರಗಾಸೆ ಕುಣಿದು ಪಳಗಿದ ಅವನ ಬಲಗಾಲು ನೆಲಕ್ಕೆ ಅಪ್ಪಳಿಸಿತು. ಅವಳು ನಿಲ್ಲಿಸಲಿಲ್ಲ. ಖಾಲಿ ಜಾಗ ಬಂದಾಗಲೆಲ್ಲ ಆ ಕಾಲು ಎದ್ದು ಬಿತ್ತು. ಬರಬರುತ್ತ ಅವನ ಬಾಯಿ ಸುಮ್ಮನಾಯಿತು, ಕಾಲು ಸುಮ್ಮನಾಗಲಿಲ್ಲ. ಜೊತೆಗೆ ಹೆಗಲೂ ಕುಣಿಯತೊಡಗಿತು.

ತನುಜಾ ಥಟ್ಟನೆ ತಂತಿಗಳನ್ನು ಅಂಗೈಯಲ್ಲಿ ಒತ್ತಿಹಿಡಿದಳು. ಸದ್ದಿಲ್ಲದ ಕೋಣೆಯಲ್ಲಿ ಅವನ ಕಾಲು ಮಾತ್ರ ಇನ್ನೊಮ್ಮೆ ಬಿತ್ತು.

ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಆ ಜಾಗ ಬಿಟ್ಟಿದ್ದು ಆ ಕಾಲು ಬೀಳ್ಲಿ ಅಂತ್ಲೇ," ಎಂದಳು. "ಈಗ ಎಲ್ಲಾ ಮೊದ್ಲಿದ್ದಂಗೇ ಇಡು."