ಬೀಜದ ಟಗರು

“ಏನಂದೆ? ನಮ್ಮ ಬೀಜದಾಗೇ ದೋಷ ಐತೆ ಅಂದ್ಯಾ?”

ಹಿರೇಗುಂಟನೂರಿನ ಕುರಿರೊಪ್ಪದ ಬಾಗಿಲಲ್ಲಿ ಓಬಳೇಶಪ್ಪ ಗುಡುಗಿದ. ತಮ್ಮನ ಹೆಂಡತಿ ಕಾಳಕ್ಕ ಜಗ್ಗಲಿಲ್ಲ. ದುರ್ಗದ ಆಸ್ಪತ್ರೆಯಿಂದ ಗಂಡ ಬೀರಪ್ಪನನ್ನು ಆಗಷ್ಟೇ ಕರೆತಂದು ಕಟ್ಟೆಯ ಮೇಲೆ ಕೂರಿಸಿದ್ದಳು. ಆಪರೇಷನ್ನಿಗೆ ತೊಲಗಿತು ಅಂದುಕೊಂಡಿದ್ದ ಪ್ರಾಸ್ಟೇಟ್ ಕ್ಯಾನ್ಸರ್ ಮತ್ತೆ ತಲೆಯೆತ್ತಿತ್ತು.

“ಡಾಕ್ಟ್ರು ಜೀನು ಅಂದ್ರು, ನಾನು ಬೀಜ ಅಂದೆ. ತಲೆಮಾರಿಂದ ಇಳಿದು ಬಂದಿರೋ ದೋಷ ಅಂತೆ. ಅದು ಇದ್ದೋರಿಗೆ ವಾಸಿಯಾದ್ರೂ ತಿರುಗಿ ಬರೋ ಭಯ ಜಾಸ್ತಿ ಅಂತೆ. ಅಣ್ಣತಮ್ಮಂದಿರು, ಮಕ್ಕಳು ಎಲ್ರೂ ರಕ್ತ ಕೊಡ್ರಿ ಅಂದ್ರು, ಭಾವ.”

“ನಮ್ಮ ಮನೆ ಗಂಡಸ್ರಿಗೆ ಅಂಥಾ ಕಾಯಿಲೆ ಇಲ್ಲ!”

“ಹಂಗಾರೆ ಮಾವ ಯಾತಕ್ಕೆ ಸತ್ರು?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಓಬಳೇಶಪ್ಪನ ಕೈ ಹೆಗಲ ಮೇಲಿನ ಟವೆಲಿಗೆ ಹೋಯಿತು. ಕಟ್ಟೆಯ ಮೇಲಿದ್ದ ಬೀರಪ್ಪ ನೆಲ ನೋಡುತ್ತ ಹೇಳಿದ: “ಬಸ್ನಾಗೆ ಇವಳಿಗೆ ಎಲ್ಲ ಹೇಳ್ಬಿಟ್ಟೆ ಅಣ್ಣ. ಅಪ್ಪನಿಗೂ ಇದೇ ಆಗಿದ್ದು ಅಂತ.”

ಕಾಳಕ್ಕನ ಮೈಯೆಲ್ಲ ಉರಿಯುತ್ತಿತ್ತು. “ಬೀಜದ ಟಗರು ತರೋಕೆ ಸಂತೆಗೆ ಹೋದ್ರೆ ಹಲ್ಲು ನೋಡ್ತೀರಿ, ಬೀಜ ಹಿಡಿದು ನೋಡ್ತೀರಿ, ಅದರ ಅಪ್ಪ ಯಾವುದು, ಅಜ್ಜ ಯಾತಕ್ಕೆ ಸತ್ತಿತು ಅಂತ ಜಾತಕ ಕೇಳ್ತೀರಿ. ಆಪರೇಷನ್‌ಗೆ ಮುಂಚೆ ಡಾಕ್ಟ್ರು ನಿಮ್ಮಪ್ಪನಿಗೆ ಏನಾಗಿತ್ತು ಅಂತ ಕೇಳಿದ್ರೆ ಅಣ್ಣತಮ್ಮ ಇಬ್ರೂ ‘ವಯಸ್ಸಾಗಿತ್ತು’ ಅಂದ್ರಲ್ಲ! ಆವತ್ತು ನಿಜ ಹೇಳಿದ್ರೆ ಆವತ್ತೇ ಈ ಪರೀಕ್ಷೆ ಮಾಡಿ ಇನ್ನೂ ಹುಷಾರಾಗಿ ನೋಡ್ತಿದ್ರಂತೆ. ನಿಮ್ಮ ಮರ್ಯಾದೆ ನನ್ನ ಗಂಡನ್ನ ತಿಂತಾ ಐತೆ ಭಾವ. ನಾಳೆ ನನ್ನ ಮಗ ಹನುಮೇಶನ್ನೂ ತಿನ್ಬೇಕಾ?”

“ಹೆಂಗಸಾಗಿ ಭಾವನ ಮುಂದೆ ಆಡೋ ಮಾತೇನೇ ಇದು? ನಾಚಿಕೆ ಆಗಲ್ವಾ?”

“ನಿಮ್ಮ ನಾಚಿಕೆಯಿಂದ್ಲೇ ಇಷ್ಟಾಗಿದ್ದು!”

ಓಬಳೇಶಪ್ಪ ಬುಸುಗುಡುತ್ತ ರೊಪ್ಪದ ಹಿಂದೆ ಬೇಲಿ ಮರೆಗೆ ಹೋಗಿ ಒಂದಕ್ಕೆ ಕುಳಿತ. ಕಾಳಕ್ಕ ಮುಖ ತಿರುಗಿಸಿ ನಿಂತಳು. ಅವನು ಬಂದ ಮೇಲೆ ಇನ್ನೂ ನಾಲ್ಕು ಮಾತು ಆಡುವುದಿತ್ತು.

ಮೇಯಲು ಹೋಗಿದ್ದ ಕುರಿಗಳು ಬಂದವು. ಒಂದೊಂದಾಗಿ ಒಳಗೆ ಸೇರಿಕೊಂಡವು. ಎದ್ದ ಧೂಳೂ ಇಳಿಯಿತು. ಓಬಳೇಶಪ್ಪ ಏಳಲಿಲ್ಲ. ಬೇಲಿಯ ಹಿಂದಿನಿಂದ, ಹಲ್ಲು ಕಚ್ಚಿ ತಿಣುಕುವ ಸದ್ದು ಬಂತು. ಉಚ್ಚೆ ಹೊಯ್ಯುವ ಸದ್ದು ಬರಲಿಲ್ಲ. ಬೀರಪ್ಪನಿಗೂ ಶುರುವಾಗಿದ್ದು ಹೀಗೇ.

ಕಾಳಕ್ಕನ ಸಿಟ್ಟು ಇಳಿಯಲಿಲ್ಲ. ದನಿ ಮಾತ್ರ ಇಳಿಯಿತು.

“ಎಷ್ಟು ದಿನದಿಂದ ಹಿಂಗೆ, ಭಾವ?”