ಹುಲ್ಲಿನಡಿಯ ಫಸಲು

ಹೊತ್ತು ಮೂಡುವ ಮುಂಚೆಯೇ ಕಲ್ಲೇಶಪ್ಪ ಸೊಸೆಯ ಆಲೂಗಡ್ಡೆ ಹೊಲದಲ್ಲಿ ಮಂಡಿಯೂರಿ, ನೆಲಕ್ಕೆ ಹೊದಿಸಿದ್ದ ರಾಗಿಹುಲ್ಲನ್ನು ಎತ್ತೆತ್ತಿ, ಟವೆಲ್ಲಿನ ಗಂಟಿನಿಂದ ಒಂದೊಂದೇ ಆಲೂಗಡ್ಡೆ ತೆಗೆದು ಅದರಡಿಗೆ ತೂರಿಸುತ್ತಿದ್ದ. ಗಿಡ ಅಲುಗಿದರೆ ಗುಟ್ಟು ಬಯಲಾದೀತೆಂದು ಗಿಡದ ಬುಡಕ್ಕೆ ಕೈ ಹಾಕಲಿಲ್ಲ. ಮಂಡಿನೋವಿನ ಎಣ್ಣೆ ತರುತ್ತೇನೆಂದು ಹಿಂದಿನ ದಿನ ಕಡೂರಿನ ಬಸ್ಸು ಹತ್ತಿ, ಸಂತೆಯಿಂದ ತಂದ ಗಡ್ಡೆಗಳವು. ಎಣ್ಣೆ ಮರೆತೇಹೋಗಿತ್ತು; ಈಗ ಮಂಡಿಯೇ ಅದನ್ನು ನೆನಪಿಸುತ್ತಿತ್ತು.

ಈ ಗತಿ ಬಂದದ್ದು ಅವನ ನಾಲಿಗೆಯಿಂದಲೇ. ಸೊಸೆ ಸುಮನಾ ಉಳುಮೆ ಮಾಡಿಸದೆ, ನೆಲದ ಮೇಲೇ ಬೀಜದ ಗಡ್ಡೆ ಇಟ್ಟು, ಬಣವೆಯ ತಳದ ಹಳೇ ಹುಲ್ಲನ್ನು ದಪ್ಪಗೆ ಹೊದಿಸಿದಾಗ, "ಇದೇನು ಆಲೂಗಡ್ಡೆನೋ ಬಾಣಂತಿನೋ, ಹಿಂಗೆ ಹೊದಿಸಿ ಮಲಗ್ಸಿದ್ದೀಯಲ್ಲಮ್ಮ!" ಎಂದು ಊರಿಗೆಲ್ಲ ಕೇಳುವಂತೆ ನಕ್ಕವನು ಅವನೇ.

"ಮಳೆ ಈಗ ಮೊದ್ಲಿನಂಗಿಲ್ಲ ಮಾವ. ಸುರಿದ್ರೆ ಗಡ್ಡೆ ಕೊಳೀತವೆ, ನಿಂತ್ರೆ ನೆಲ ಕಾದ ಹೆಂಚು. ಹುಲ್ಲಿದ್ರೆ ಎರಡನ್ನೂ ತಡ್ಕೊಂತದೆ" ಎಂದಿದ್ದಳು ಅವಳು.

ಅಪ್ಪನ ನಗುವನ್ನೇ ಹಿಡಿದುಕೊಂಡು ಮಗ ಓಂಕಾರೇಶ ಹಟಕ್ಕೆ ಬಿದ್ದ: ಹುಲ್ಲಿನಡಿ ಗಡ್ಡೆ ಕಾಣದಿದ್ದರೆ ಹೊಲ ಶುಂಠಿಯವರಿಗೆ ಗುತ್ತಿಗೆ. ಇವತ್ತು ಬೆಳಿಗ್ಗೆಯೇ ತೀರ್ಮಾನ. ವರ್ಷವರ್ಷವೂ ಕುರಿಮಂದೆ ನಿಲ್ಲಿಸಿ ಹದ ಮಾಡಿದ ನೆಲ. ಶುಂಠಿಯವರು ಔಷಧಿ ಸುರಿದು, ಸತ್ವ ಹೀರಿ ಎದ್ದುಹೋದರೆ ಆಮೇಲೆ ಅಲ್ಲಿ ಹುರುಳಿಯೂ ಮೊಳೆಯದು. ಕಲ್ಲೇಶಪ್ಪನಿಗೆ ಸೊಸೆಯ ಹುಲ್ಲಿನ ಮೇಲೆ ನಂಬಿಕೆಯಿರಲಿಲ್ಲ. ಹೊಲದ ಮೇಲೆ ಮಾತ್ರ ಪ್ರಾಣವಿತ್ತು.

ಡೈರಿಗೆ ಹಾಲು ಹಾಕಿ ಬಂದ ಓಂಕಾರೇಶ ಬದುವಿನ ಪಕ್ಕ ಬೈಕು ನಿಲ್ಲಿಸಿದ. ಹಿಂದಿನಿಂದ ಸುಮನಾ ಇಳಿದಳು.

"ಎಲ್ಲಿ, ತೋರ್ಸು ನಿನ್ನ ಬಾಣಂತಿಯರನ್ನ" ಎಂದ ಓಂಕಾರೇಶ ಹೆಂಡತಿಗೆ.

"ಲೋ, ಇಲ್ನೋಡು, ಈ ಕಡೆ!" ಕಲ್ಲೇಶಪ್ಪ ಅವಸರಪಟ್ಟ. "ಇಲ್ಲಿ ಮಣ್ಣು ಚೆನ್ನಾಗೈತೆ."

"ನಕ್ಕೋನೂ ನೀನೇ, ಈಗ ಎಲ್ಲರಿಗಿಂತ ಮುಂಚೆ ಬಂದು ನಿಂತೋನೂ ನೀನೇ. ಏನಪ್ಪಾ ಸಮಾಚಾರ?" ಎನ್ನುತ್ತ ಓಂಕಾರೇಶ ಬೇಕೆಂದೇ ಎದುರು ಮೂಲೆಗೆ ಹೋಗಿ, ಒಂದು ಗಿಡದ ಬುಡದ ಹುಲ್ಲನ್ನು ಸರಿಸಿದ.

ಕಲ್ಲೇಶಪ್ಪ ಕಣ್ಣು ಮುಚ್ಚಿಕೊಂಡ. ತೆರೆದು ನೋಡಿದರೆ ಮಗ ಕುಕ್ಕರಗಾಲಿನಲ್ಲಿ ಕೂತುಬಿಟ್ಟಿದ್ದ. ತೇವದ ನೆಲದ ಮೇಲೆ, ಕೋಳಿ ಕಾವಿನಿಂದ ಎದ್ದುಹೋದ ಮಂಕರಿಯ ಮೊಟ್ಟೆಗಳ ಹಾಗೆ, ಬೆಳ್ಳಗಿನ ಗಡ್ಡೆಗಳು ಗುಂಪಾಗಿ ಮಲಗಿದ್ದವು. ಪಕ್ಕದ ಗಿಡದಲ್ಲೂ ಹಾಗೇ. ಅದರಾಚೆಯದರಲ್ಲೂ ಹಾಗೇ. ಓಂಕಾರೇಶ ಫೋನು ತೆಗೆದು ದೂರ ನಡೆದ. "ಇಲ್ಲ ಸಾರ್, ಹೊಲ ಕೊಡಕ್ಕಾಗಲ್ಲ... ಮನೇಲಿ ಒಪ್ತಿಲ್ಲ."

ಅಷ್ಟರಲ್ಲಿ ಸುಮನಾ, ಮಾವ ತೋರಿಸಿದ್ದ ಜಾಗದ ಹುಲ್ಲೆತ್ತಿ ನೋಡಿದಳು. ತೊಳೆದಿಟ್ಟಂಥ ದೊಡ್ಡ ಗಡ್ಡೆಗಳು ಸಾಲಾಗಿ ಹೊಳೆಯುತ್ತಿದ್ದವು.

"ಮಾವ, ಇವು ಯಾವ ಗಿಡದ್ದು?"

"ಯಾವ್ದೋ... ಅಕ್ಕಪಕ್ಕದ್ದು ಕಣಮ್ಮ."

"ಇದು ಓಡಾಡಕ್ಕೆ ಬಿಟ್ಟಿರೋ ದಾರಿ. ಇಲ್ಲಿ ನಾನು ಬೀಜಾನೇ ಇಟ್ಟಿಲ್ಲ."

ಕಲ್ಲೇಶಪ್ಪ ಪಂಚೆಗೆ ಅಂಟಿದ ಹುಲ್ಲು ಕೊಡವಿಕೊಂಡ. "ಒಳ್ಳೆ ನೆಲ ಕಣಮ್ಮ. ಕುರಿಗೊಬ್ಬರ ತಿಂದೈತೆ. ಏನ್ ಬೇಕಾದ್ರೂ ಬಿಡ್ತದೆ."

ಸುಮನಾ ಗಂಡನತ್ತ ಒಮ್ಮೆ ನೋಡಿ ಹುಲ್ಲನ್ನು ಹಾಗೇ ಮುಚ್ಚಿದಳು. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

ಮಧ್ಯಾಹ್ನ ಮುದ್ದೆ ಉಂಡು, ಎಲ್ಲರೂ ಅಡ್ಡಾದರೆಂದು ಖಾತ್ರಿಯಾದ ಮೇಲೆ ಕಲ್ಲೇಶಪ್ಪ ಅದೇ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಬಂದ. ಸಂತೆಯ ಗಡ್ಡೆಯನ್ನು ಸುಮ್ಮನೆ ಕೊಳೆಯಲು ಬಿಡುವುದುಂಟೆ? ಹುಲ್ಲಿನಡಿ ಕೈ ಆಡಿಸಿದ. ಒಂದೂ ಸಿಗಲಿಲ್ಲ. ಇನ್ನಷ್ಟು ಒಳಗೆ ಚಾಚಿದ, ದುಂಡಗಿನದೇನೋ ತಾಕಿತು. ಎರಡೂ ಕೈಯಲ್ಲಿ ಹುಲ್ಲು ಸರಿಸಿದ. ಸುಲಿದ ತೆಂಗಿನಕಾಯೊಂದು ಜುಟ್ಟು ಮೇಲೆ ಮಾಡಿಕೊಂಡು ಕೂತಿತ್ತು.

"ಮಾವಾ," ಬದುವಿನ ಆಚೆಯಿಂದ ಸೊಸೆಯ ದನಿ ಬಂತು, "ಅದಿನ್ನೂ ಬಲಿತಿಲ್ಲ. ಮುಚ್ಬಿಡಿ."